ಬೇವಿನ ಮರದ ಬಳಿ ಎಡಕ್ಕೆ

ಹುಲ್ಲಿಗೆ ಮರಳು ಹೊದಿಸುವುದೆಂಬ ಒಂದು ಕೆಲಸ ಲೋಕದಲ್ಲಿ ಇದೆಯೆಂದು ಐವತ್ತು ದಾಟುವವರೆಗೆ ನನಗೆ ತಿಳಿದಿರಲಿಲ್ಲ. ತಿಳಿಯದೆ ಹೋಗಿದ್ದರೂ ಲೋಕಕ್ಕಾಗಲಿ ಹುಲ್ಲಿಗಾಗಲಿ ನಷ್ಟವಾಗುತ್ತಿರಲಿಲ್ಲ. ಆದರೆ ತಮಿಳುನಾಡಿನ ಕೊಯಮತ್ತೂರು ಸೀಮೆಯಲ್ಲಿ, ಸೂಲೂರಿಗೂ ಸೋಮನೂರಿಗೂ ನಡುವಿನ ಒಂದು ನೂಲಿನ ಗಿರಣಿಯಲ್ಲಿ ನಾನು ಯಂತ್ರಗಳ ಉಸ್ತುವಾರಿಯಲ್ಲಿದ್ದೆ. ಆ ಗಿರಣಿಯ ಬೆನ್ನಿಗೆ ಒಂದು ಕ್ರಿಕೆಟ್ ಮೈದಾನ ಅಂಟಿಕೊಂಡಿತ್ತು. ಒಮ್ಮೆ ಊಟದ ಹೊತ್ತಿನಲ್ಲಿ ಯಜಮಾನರು, ಮೈದಾನ ಯಾಕೋ ಒಣಗಿದಂತಿದೆಯಲ್ಲ ಎಂದಾಗ, ಹುಲ್ಲಿಗೆ ನೀರು ಬೇಕಾಗುತ್ತದೆ ಎಂಬ ಮಾತನ್ನು ನಾನು ಬಾಯಿ ತಪ್ಪಿ ಆಡಿಬಿಟ್ಟೆ. ಇಷ್ಟು ಆಳವಾದ ಜ್ಞಾನವುಳ್ಳವನು ಗಿರಣಿಯಲ್ಲಿ ಇನ್ನೊಬ್ಬನಿಲ್ಲವೆಂದು ತೀರ್ಮಾನವಾಗಿ, ಮರುದಿನದಿಂದ ಮೈದಾನವೂ ನನ್ನ ಕೊರಳಿಗೆ ಬಿತ್ತು. ತುಮಕೂರು ಕಡೆಯ ಒಣನೆಲದಲ್ಲಿ ಹುಟ್ಟಿದವನು ನಾನು. ಹುಲ್ಲನ್ನು ದನದ ಬಾಯಿಯಲ್ಲಿ ನೋಡಿದ್ದೇ ಹೆಚ್ಚು.

ಮೈದಾನಕ್ಕೆ ಆಗಲೇ ಒಬ್ಬ ಮಾಲಿ ಇದ್ದರು. ನಾನು ಅವರ ಮೇಲಿನವನೆಂದು ಕಚೇರಿಯಲ್ಲಿ ಆಯಿತೇ ಹೊರತು ನೆಲದ ಮೇಲೆ ಎಂದೂ ಆಗಲಿಲ್ಲ. ಸೋಮನೂರಿನ ನೇಕಾರರ ಮನೆತನ, ಮನೆಮಾತು ಕನ್ನಡ. ನಿಮ್ಮ ಹಿರಿಯರು ಯಾವ ಕಾಲದಲ್ಲಿ, ಎಲ್ಲಿಂದ ಬಂದವರು ಎಂದು ಕೇಳಿದರೆ, ‘ಮ್ಯಾಲಿಂದ’ ಎಂದು ಬಡಗಣ ದಿಕ್ಕಿಗೆ ಕೈ ಎತ್ತುತ್ತಿದ್ದರು. ಅದು ಮೈಸೂರು ಸೀಮೆಯೋ ಸ್ವರ್ಗವೋ ಕೈಯ ಎತ್ತರದಿಂದ ಗೊತ್ತಾಗುತ್ತಿರಲಿಲ್ಲ. ಹುಡುಗನಾಗಿದ್ದಾಗ ಗುಂಡಿಮಗ್ಗದಲ್ಲಿ ಕೂತು ಕಾಲುಮಣೆ ತುಳಿದು ತುಳಿದು, ಅವರ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳ ಸಹವಾಸ ಬಿಟ್ಟು ಹೊರಕ್ಕೆ ತಿರುಗಿತ್ತು. ನನಗೆ ಅಂಚೆಯಲ್ಲಿ ಹಳಸಿ ಬರುತ್ತಿದ್ದ ಕನ್ನಡ ಪತ್ರಿಕೆಯನ್ನು ಮೊದಲ ಸಲ ನೋಡಿದ ದಿನ ಅವರು ಅದರ ಮೇಲೆ ಬೆರಳಾಡಿಸಿ, “ಇದಾ ನಮ್ಮಾತು? ನೋಡಾಕೆ ಇಂಗಿರ್ತದಾ?” ಎಂದರು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹೆಂಡತಿಯ ಮುಖ ನೋಡಿದವನ ದನಿ ಅದು. ನೋಡಿ ಮೆಚ್ಚಿಕೊಂಡರೋ ಇಲ್ಲವೋ ಹೇಳಲಿಲ್ಲ.

ಮರಳು ಹೊದಿಸುವ ಕೆಲಸ ಹೀಗೆ. ಹುಲ್ಲನ್ನು ಗಿಡ್ಡಗೆ ಕತ್ತರಿಸಿ, ಜರಡಿ ಹಿಡಿದ ಒಣ ಮರಳನ್ನು ಅದರ ಮೇಲೆ ತೆಳ್ಳಗೆ ಎರಚಬೇಕು. ಆಮೇಲೆ ತೆಂಗಿನ ನಾರಿನ ದೊಡ್ಡ ಚಾಪೆಯನ್ನು ಮೇಲೆಲ್ಲ ಎಳೆದಾಡಿ, ಮರಳು ಹುಲ್ಲಿನ ಬುಡಕ್ಕೆ ಇಳಿಯುವಂತೆ ಮಾಡಬೇಕು. ಹಾಗೆ ಮಾಡಿದರೆ ನೆಲದ ತಗ್ಗು ತುಂಬುತ್ತದೆ, ಹುಲ್ಲು ಅದರ ಮೂಲಕ ತಲೆ ಎತ್ತುತ್ತದೆ, ಚೆಂಡು ನೇರವಾಗಿ ಉರುಳುತ್ತದೆ. ಮಾಲಿ ಇದನ್ನು ಸೊಂಟದಲ್ಲಿ ಬುಟ್ಟಿ ಇಟ್ಟು, ಬರಿಗಾಲಲ್ಲಿ ನಡೆಯುತ್ತ, ರಾಗಿ ಬಿತ್ತುವವರಂತೆ ಕೈಬೀಸಿ ಮಾಡುತ್ತಿದ್ದರು. ಕೈ ಮಾತ್ರ ಸ್ವಲ್ಪ ಧಾರಾಳ. ಒಂದು ವರ್ಷ ಪಿಚ್ಚಿನ ಪಕ್ಕದ ಹುಲ್ಲು ಅವರ ಔದಾರ್ಯ ತಾಳಲಾರದೆ ಉಸಿರುಗಟ್ಟಿ ಹಳದಿಯಾಗಿ ಹೋಯಿತು. ಅವರು ಆ ಅಪರಾಧವನ್ನು ನವಿಲುಗಳ ಮೇಲೆ ಹೊರಿಸಿದರು. ಆ ಕಡೆ ನವಿಲುಗಳಿಗೆ ಬರವಿಲ್ಲ. ಸಮಜಾಯಿಷಿ ಕೊಡಲು ಅವು ಬರುವುದೂ ಇಲ್ಲ.

ಮೈದಾನದ ಪಡುವಣ ಅಂಚಿನಲ್ಲಿ ಒಂದು ಬೇವಿನ ಮರ. ಎಷ್ಟೇ ಕೆಲಸವಿರಲಿ, ಅದರ ಎದುರಿಗೆ ಬಂದೊಡನೆ ಮಾಲಿ ಸಾಲು ಬಿಟ್ಟು ಎಡಕ್ಕೆ ತಿರುಗಿ, ಬೊಡ್ಡೆಗೆ ಬೆನ್ನು ಕೊಟ್ಟು ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಒಂದು ಎಲೆಯಡಿಕೆ ಮುಗಿಯುವಷ್ಟು ಹೊತ್ತು. ನಾನು ಕರೆದರೂ ಏಳುತ್ತಿರಲಿಲ್ಲ, ಯಜಮಾನರು ಕರೆದರೂ ಏಳುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಚಿಕ್ಕ ಯಜಮಾನರು, ಎಂದರೆ ಯಜಮಾನರ ಮಗ, ಹೊರದೇಶದಿಂದ ಒಂದು ಯಂತ್ರ ತರಿಸಿದರು. ಮಂಚದಷ್ಟು ದೊಡ್ಡ ತೊಟ್ಟಿ, ಕೆಳಗೆ ಅಗಲವಾದ ಮೆತ್ತನೆ ಚಕ್ರಗಳು, ಹಿಂದುಗಡೆ ಗರಗರ ತಿರುಗುವ ಉದ್ದನೆಯ ಬ್ರಷ್ಷು. ತೊಟ್ಟಿಗೆ ಮರಳು ತುಂಬಿ ಬಿಟ್ಟರೆ ಅದು ತಾನೇ ನಡೆಯುತ್ತ, ಹಾದಿಯುದ್ದಕ್ಕೂ ಮೊಸರನ್ನದ ಮೇಲಿನ ಕೆನೆಯಷ್ಟು ತೆಳ್ಳಗೆ ಮರಳು ಹಾಸುತ್ತ ಹೋಗುತ್ತಿತ್ತು. ಅದರ ಮೇಲೆ ಕೂರಲು ಜಾಗವಿಲ್ಲ, ಹಿಡಿದು ದಬ್ಬಲು ಹಿಡಿಕೆಯಿಲ್ಲ. ನಡೆಸುವವನು ಎಲ್ಲೋ ನೆರಳಲ್ಲಿ ನಿಂತು, ಹೊಟ್ಟೆಯ ಮೇಲೆ ಪಟ್ಟಿ ಕಟ್ಟಿದ ರಿಮೋಟ್ ಪೆಟ್ಟಿಗೆಯ ಎರಡು ಗಿಡ್ಡ ಕಡ್ಡಿಗಳನ್ನು ಹೆಬ್ಬೆರಳಿನಿಂದ ಆಡಿಸಬೇಕು, ಅಷ್ಟೆ. ತಂತಿಯಿಲ್ಲ, ಹಗ್ಗವಿಲ್ಲ. ಪೆಟ್ಟಿಗೆಗೂ ಯಂತ್ರಕ್ಕೂ ನಡುವೆ ಮಾತು ಕಡಿದುಹೋದರೆ ಯಂತ್ರ ತಾನಾಗಿ ನಿಂತುಬಿಡುತ್ತದೆಂದು ಕೊಯಮತ್ತೂರಿನಿಂದ ಬಂದ ಮಾರಾಟದವನು ಮೂರು ಭಾಷೆಗಳಲ್ಲಿ ಹೇಳಿದ. ಗಂಡ ಹೆಂಡಿರಿಗೆ ದೇವರು ಕೊಡದ ಸೌಲಭ್ಯ. ಆಯುಧಪೂಜೆಯ ದಿನ ಯಂತ್ರಕ್ಕೆ ವಿಭೂತಿ ಬಳಿದು, ಚಕ್ರದಡಿ ನಿಂಬೆಹಣ್ಣು ಇಟ್ಟು, ನಾನು ಪುರೋಹಿತನ ಗಾಂಭೀರ್ಯದಿಂದ ಕಡ್ಡಿ ಮುಂದಕ್ಕೆ ಒತ್ತಿದೆ. ಗಿರಣಿಯ ಜನ ಅದಕ್ಕೆ ‘ಮಣಲ್ ವಂಡಿ’, ಅಂದರೆ ಮರಳಿನ ಗಾಡಿ, ಎಂದು ನಾಮಕರಣ ಮಾಡಿ ಚಪ್ಪಾಳೆ ತಟ್ಟಿದರು. ಮಾಲಿ ಮಾತ್ರ ಅದರ ಚಕ್ರ ನೋಡಿದರು, ಬ್ರಷ್ಷು ನೋಡಿದರು, ಆಮೇಲೆ ನನ್ನ ಕಡೆ ತಿರುಗಿ, “ಕಾಲಿಲ್ದೆ ನಡಿಯಾದು ಪೇಯಿ ಒಂದೇ ಅಣ್ಣಾ” ಎಂದರು. ಪೇಯಿ ಎಂದರೆ ದೆವ್ವ.

ಆದರೂ ಕಲಿತರು. ಕಲಿತದ್ದು ಮಾತ್ರ ತಮ್ಮ ರೀತಿಯಲ್ಲಿ. ಇಡೀ ಮೈದಾನ ದಾಟಿ ಕೆಲಸ ಮಾಡುವ ಆ ಪೆಟ್ಟಿಗೆಯನ್ನು ಸೊಂಟಕ್ಕೆ ಕಟ್ಟಿಕೊಂಡು, ಅವರು ಯಂತ್ರದ ಬೆನ್ನಿಗೇ, ಕೈಗೆಟಕುವಷ್ಟು ಹತ್ತಿರ, ಬರಿಗಾಲಲ್ಲಿ ನಡೆಯುತ್ತಿದ್ದರು, ಹಸುವಿನ ಹಿಂದೆ ಹೋದ ಹಾಗೆ. ದೂರ ನಿಂತು ನಡೆಸುವುದಕ್ಕೇ ಅಲ್ಲವೇ ಇದನ್ನು ತಂದಿರುವುದು ಎಂದು ನಾನು ವಾದಿಸಿದೆ. ದೂರ ನಿಂತರೆ ಅದಕ್ಕೆ ಒಂಟಿ ಅನ್ನಿಸುತ್ತದೆಂದು ಅವರು ಉತ್ತರಿಸಿದರು. ಹೀಗೆ ಹೊಸದಾಗಿ ಹಾಸಿದ ಮರಳಿನ ಮೇಲೆಲ್ಲ ಚಕ್ರದ ಗುರುತಿನ ನಡುವೆ ಅವರ ಹೆಜ್ಜೆ ಬೀಳುತ್ತಿತ್ತು, ಹೊರಕ್ಕೆ ತಿರುಗಿದ ಹೆಬ್ಬೆರಳಿನ ಸಮೇತ. ಬೇವಿನ ಮರದ ಎದುರು ಬಂದಾಗ ಯಂತ್ರವನ್ನೂ ಎಡಕ್ಕೆ ತಿರುಗಿಸಿ, ನೆರಳಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದರು. ಯಂತ್ರಕ್ಕೆ ಕೊಡುತ್ತಿರಲಿಲ್ಲ ಎಂಬುದಷ್ಟೇ ಉಳಿದಿತ್ತು.

ದೀಪಾವಳಿ ಬರುವ ಐಪ್ಪಸಿ ಮಾಸದ ಮಳೆಯಲ್ಲಿ ಅವರು ತೀರಿಕೊಂಡರು. ಬೆಳಿಗ್ಗೆ ಎದೆ ಹಿಡಿದುಕೊಂಡಿತು ಎಂದರು, ಸಂಜೆಯೊಳಗೆ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಮುಗಿಯಿತು. ಮನೆಗೆ ಬಂದದ್ದು ದೇಹ.

ಹನ್ನೊಂದನೆಯ ದಿನದ ಹಿಂದಿನ ಸಂಜೆ ಅವರ ಮನೆಯವರು ನನ್ನನ್ನು ಕರೆಸಿದರು. ಗಿರಣಿಯ ಸಾಲುಮನೆಗಳಲ್ಲಿ ಕೊನೆಯದು ಅವರದು. ಗಂಡ ಮಲಗುತ್ತಿದ್ದ ಮೂಲೆಯಲ್ಲಿ ಹೆಂಡತಿ ನೆಲ ಸಾರಿಸಿ, ನುಣ್ಣಗೆ ಜರಡಿ ಹಿಡಿದ ಮರಳನ್ನು ಮೊರದಿಂದ ತೆಳ್ಳಗೆ ಹರಡಿ, ಪಕ್ಕದಲ್ಲಿ ದೀಪವಿಟ್ಟು, ಮೇಲೆ ಬುಟ್ಟಿ ಕವುಚಿದರು. ಹೋದವರು ಆ ರಾತ್ರಿ ಮನೆಗೆ ಬಂದು ಹೆಜ್ಜೆಯಿಟ್ಟು ಹೋಗುತ್ತಾರೆಂದು ಪದ್ಧತಿ. ಬಂದ ಗುರುತು ಸಿಕ್ಕರೆ ಆ ಮರಳಿನಲ್ಲಿ ಒಂದು ಹಿಡಿ ಚೊಂಬಿಗೆ ತುಂಬಿಟ್ಟುಕೊಂಡರೆ, ಅವರು ನಮ್ಮ ಜೊತೆಗಿದ್ದಾರೆ, ಬೀದಿಪಾಲಾಗಿಲ್ಲ ಎಂದು ಧೈರ್ಯ. ನಮ್ಮ ಕಡೆಯೂ ಇದು ಉಂಟು. ನಾವು ಮರಳಿನ ಬದಲು ಅಕ್ಕಿಹಿಟ್ಟು ಹರಡುತ್ತೇವೆ. ನನ್ನ ಅಜ್ಜಿ ಹೋದಾಗ ಹಿಟ್ಟಿನ ಮೇಲೆ ಇಲಿಯ ಹೆಜ್ಜೆ ಮೂಡಿತ್ತು. ಚಿಕ್ಕಪ್ಪ ಅದನ್ನು ಕೂಲಂಕಷವಾಗಿ ಪರೀಕ್ಷಿಸಿ, ಅವ್ವ ಗಣೇಶನ ವಾಹನವಾಗಿ ಬಡ್ತಿ ಪಡೆದಿದ್ದಾಳೆಂದು ಸಾರಿದರು. ಆದ್ದರಿಂದ ಈ ಶಾಸ್ತ್ರದ ಬಗ್ಗೆ ನನಗೆ ಹೆಚ್ಚಿನ ಭಕ್ತಿಯಿರಲಿಲ್ಲ. ನಗುವ ಧೈರ್ಯವೂ ಇರಲಿಲ್ಲ.

ಬೆಳಿಗ್ಗೆ ಉಡುಮಲೈಪೇಟೆಯಿಂದ ಬಂದಿದ್ದ ಆಕೆಯ ಅಣ್ಣ ಬುಟ್ಟಿ ಎತ್ತಿದರು. ಮರಳು ಹರಡಿದ್ದು ಹರಡಿದಂತೆಯೇ ಇತ್ತು. ಮನುಷ್ಯನ ಹೆಜ್ಜೆ ಹೋಗಲಿ, ಇರುವೆ ಕೂಡ ಹಾದಿರಲಿಲ್ಲ. ಯಾರೋ ವಯಸ್ಸಾದ ಅತ್ತೆ, ಅವನಿಗೆ ಮೊದಲಿನಿಂದಲೂ ನಾಚಿಕೆ, ಇಷ್ಟು ಜನರಿದ್ದರೆ ಹೇಗೆ ಬಂದಾನು ಎಂದರು. ಹೆಂಡತಿ ಆ ಮರಳನ್ನು ನೋಡುತ್ತ ಬಹಳ ಹೊತ್ತು ಕೂತಿದ್ದರು. ಅಳಲಿಲ್ಲ. ಗಂಡನಿಗೆ ಬಡಿಸಿದ ಅನ್ನ ಹಾಗೇ ತಣ್ಣಗಾಗುವುದನ್ನು ನೋಡುತ್ತಿರುವವರ ಹಾಗಿದ್ದರು.

ಅದಾದ ಮೇಲೆ ಯಂತ್ರ ನನ್ನ ಪಾಲಿಗೆ ಬಂತು. ಕಾಲಿಲ್ಲದ ಆ ಗಾಡಿಯನ್ನು ಮುಟ್ಟಲು ಬೇರೆ ಯಾರೂ ಒಪ್ಪಲಿಲ್ಲ. ಮಳೆ ನಿಂತು ನೆಲ ಒಣಗಿದ ಮೇಲೆ, ಒಂದು ಮಧ್ಯಾಹ್ನ ನಾನು ಆಟಗಾರರು ಕೂರುವ ಮಂಟಪದ ಮೆಟ್ಟಿಲ ಮೇಲೆ ನಿಂತು, ಪೆಟ್ಟಿಗೆ ಕಟ್ಟಿಕೊಂಡು, ಯಂತ್ರವನ್ನು ಹೊರಡಿಸಿದೆ. ಅದರ ಹಿಂದೆ ಯಾರೂ ಇರಲಿಲ್ಲ. ಅಷ್ಟು ದೊಡ್ಡ ಬಯಲಿನಲ್ಲಿ ಅದೊಂದೇ, ತಲೆ ತಗ್ಗಿಸಿದವರಂತೆ, ಮರಳು ಬಿಡುತ್ತ ಬಿಡುತ್ತ ದೂರ ಹೋಗುತ್ತಿತ್ತು. ಅದುವರೆಗೆ ಹೆದರಿಕೆ ಎನ್ನುವುದು ಕತ್ತಲೆಯ ವಿಚಾರ ಎಂದುಕೊಂಡಿದ್ದೆ. ಮಟಮಟ ಬಿಸಿಲಿನಲ್ಲಿಯೂ ಅದಕ್ಕೆ ಅನುಮತಿಯಿದೆ ಎಂದು ಅಂದು ತಿಳಿಯಿತು.

ಬೇವಿನ ಮರದ ಎದುರು ಬಂದಾಗ ಯಂತ್ರ ಎಡಕ್ಕೆ ವಾಲಿತು.

ನಾನು ಕಡ್ಡಿಯನ್ನು ಬಲಕ್ಕೆ ಒತ್ತಿ ಸಾಲಿಗೆ ತಂದೆ. ಸುತ್ತು ಹಾಕಿ ಬಂದ ಮುಂದಿನ ಸಾಲಿನಲ್ಲಿ ಮತ್ತೆ ಅದೇ ಜಾಗ, ಮತ್ತೆ ಎಡಕ್ಕೆ. ನಾನು ಯಂತ್ರಗಳ ನಡುವೆ ತಲೆ ಬೆಳ್ಳಗಾದವನು. ಇಂಥದಕ್ಕೆ ಕಾರಣವಿಲ್ಲದೆ ಇರುವುದಿಲ್ಲ. ಅಲ್ಲಿ ನೆಲ ಚರಂಡಿಯ ಕಡೆಗೆ ಕೊಂಚ ಇಳಿಜಾರು. ಎಡಗಡೆಯ ಚಕ್ರಕ್ಕೆ ಗಾಳಿ ಕಡಿಮೆಯಿದ್ದರೂ ಇರಬಹುದು. ಯಂತ್ರವೇನು ಕೊಟ್ಟಿಗೆಯ ದಾರಿ ನೆನಪಿಟ್ಟುಕೊಳ್ಳಲು ಎತ್ತಲ್ಲ. ಇದೆಲ್ಲ ನನಗೆ ನಾನೇ ಹೇಳಿಕೊಂಡೆ, ಮಂಡಿಸಿದೆ, ಅನುಮೋದಿಸಿದೆ. ಆದರೆ ಅದೇ ಇಳಿಜಾರು ಮಾಲಿ ಇದ್ದಾಗಲೂ ಇತ್ತು. ಆಗ ಅದು ತಾನೇ ವಾಲುತ್ತಿತ್ತೋ ಅವರು ತಿರುಗಿಸುತ್ತಿದ್ದರೋ, ಹೇಳಬಲ್ಲವರು ಹೋಗಿಬಿಟ್ಟಿದ್ದರು.

ಚಹಾದ ವಿರಾಮದಲ್ಲಿ ಗೋಡೆಯ ಮೇಲೆ ಮೊಳಕೈ ಊರಿ ನೋಡುತ್ತಿದ್ದ ಗಿರಣಿಯ ಜನಕ್ಕೆ ಇಳಿಜಾರಿನ ಸಿದ್ಧಾಂತ ಬೇಕಾಗಿರಲಿಲ್ಲ. ಒಮ್ಮೆ ಸೂಲೂರಿನ ವಾಯುಪಡೆಯ ವಿಮಾನವೊಂದು ತಲೆಯ ಮೇಲೆ ಹಾದಾಗ ಯಂತ್ರ ಬೇವಿನ ಮರದ ಹತ್ತಿರವೇ ನಿಂತುಬಿಟ್ಟಿತು. ವಿಮಾನಕ್ಕೂ ಪೆಟ್ಟಿಗೆಗೂ ಏನೋ ಮಾತು ಅಡ್ಡಡ್ಡ ಆಗಿರಬೇಕು. ಅಥವಾ ಪೆಟ್ಟಿಗೆಯ ಬ್ಯಾಟರಿ ಸೊರಗಿತ್ತು. ಗೋಡೆಯ ಮೇಲಿಂದ ಒಬ್ಬ ತಮಿಳಿನಲ್ಲಿ ತಣ್ಣಗೆ ಹೇಳಿದ: ಸ್ವಲ್ಪ ಇರಿ ಸಾರ್, ಎಲೆಯಡಿಕೆ ಮುಗಿಸಿ ಬರುತ್ತಾರೆ. ನಾನು ಗದರಬೇಕೆಂದಿದ್ದೆ. ಕಾದೆ. ಒಂದು ಎಲೆಯಡಿಕೆಯ ಹೊತ್ತು ಕಾದು ಗುಂಡಿ ಒತ್ತಿದೆ, ಹೊರಟಿತು.

ಈ ಸುದ್ದಿ ಸಾಲುಮನೆಯವರೆಗೆ ನಡೆದುಕೊಂಡು ಹೋಗಲು ಕಾಲು ಬೇಕಿರಲಿಲ್ಲ. ಮಾರ್ಗಳಿ, ಅಂದರೆ ನಮ್ಮ ಧನುರ್ಮಾಸದ, ಮೊದಲಿಗೆ ಮಾಲಿಯ ಹೆಂಡತಿ ನನ್ನನ್ನು ಹುಡುಕಿಕೊಂಡು ಮೈದಾನಕ್ಕೆ ಬಂದರು. ಪಕ್ಕದ ಮಗ್ಗದ ಶೆಡ್ಡಿಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದವರು. ಸೆರಗಿಗೆ ನೂಲಿನ ಎಳೆಗಳು ಅಂಟಿಕೊಂಡಿದ್ದವು. ಬೌಂಡರಿ ಹಗ್ಗದ ಆಚೆಯೇ ನಿಂತರು, ಹುಲ್ಲು ತುಳಿಯಲಿಲ್ಲ. ಸಂಕ್ರಾಂತಿಯ ತೈ ಮಾಸ ಹುಟ್ಟುವುದಕ್ಕೆ ಮುಂಚೆ ಅಣ್ಣ ಬಂದು ಉಡುಮಲೈಪೇಟೆಗೆ ಕರೆದುಕೊಂಡು ಹೋಗುತ್ತಾನೆ, ಮನೆ ಗಿರಣಿಯದು, ಬಿಡಲೇಬೇಕು ಎಂದು ಹೇಳಿದರು. ಅಣ್ಣನಿಗೆ ಅಲ್ಲಿ ತೆಂಗಿನ ತೋಪಿದೆ, ನಾದಿನಿ ಒಳ್ಳೆಯವಳು, ಊಟಕ್ಕೆ ತೊಂದರೆಯಿಲ್ಲ. ಅದೆಲ್ಲ ಸರಿ. ಆದರೆ ಕಣ್ಣು ಬೇವಿನ ಮರದ ಮೇಲಿತ್ತು.

“ಅವುರು ಮನೆಗೆ ಬರಲಿಲ್ಲ ಅಣ್ಣಾ. ಎಲ್ಲವ್ರೆ ಅಂತ ನಂಗೆ ಗೊತ್ತು. ಇಲ್ಲೇ ವೇಲೆ ಮಾಡ್ಕಂಡು ನಿಂತವ್ರೆ. ಸತ್ತಿರಾದು ಅವುರ್ಗೆ ಯಾರೂ ಹೇಳಿಲ್ಲ.”

ವೇಲೆ ಎಂದರೆ ಕೆಲಸ. ಇಳಿಜಾರಿನ ವಿಷಯ ನಾಲಿಗೆಯ ತುದಿಯಲ್ಲಿತ್ತು.

“ನಾನು ಊರಿಗೋದ್ರೆ ಅವುರು ಒಬ್ರೇ ಆಯ್ತಾರೆ. ಕಾಲು ನೋಡ್ಬೇಕು. ಆ ಹೆಬ್ಬೆಟ್ಟು ನಂಗೆ ಕತ್ಲಲ್ಲೂ ಗೊತ್ತಾಯ್ತದೆ. ಒಂದು ಹಿಡಿ ಮಣಲು ಎತ್ಕಂಡು ಹೋಗ್ಬಿಡ್ತೀನಿ.”

ಅವರ ಬೇಡಿಕೆ ಇಷ್ಟೇ. ಅಮಾವಾಸ್ಯೆಯ ಸಂಜೆ ನಾನು ಯಂತ್ರದಿಂದ ಮರಳು ಹಾಸಬೇಕು. ಚಾಪೆ ಎಳೆಯಬಾರದು. ಬೆಳಗಾಗುವ ತನಕ ಯಾರೂ ಮೈದಾನಕ್ಕೆ ಕಾಲಿಡಬಾರದು. ಮೊರದಷ್ಟು ಮರಳಿಗೆ ಬಾರದವರು, ಇಷ್ಟಗಲ ಹಾಸಿದರೆ ಎಲ್ಲಾದರೂ ಒಂದು ಕಡೆ ಕಾಲಿಡದೆ ಇರುತ್ತಾರೆಯೇ ಎಂಬುದು ಅವರ ಲೆಕ್ಕಾಚಾರ.

ಮರಳು ಹೊದಿಸುವ ಶಾಸ್ತ್ರದ ಪ್ರಕಾರ ಇದು ಮಹಾಪಾತಕ. ಮಾರ್ಗಳಿಯ ಇಬ್ಬನಿಗೆ ಮರಳು ಬಿಟ್ಟರೆ ಬೆಳಗಿನ ಹೊತ್ತಿಗೆ ಹಪ್ಪಳವಾಗುತ್ತದೆ, ಆಮೇಲೆ ಯಾವ ಚಾಪೆಗೂ ಜಗ್ಗುವುದಿಲ್ಲ. ಮರುದಿನವೇ ಭಾನುವಾರ, ಚಿಕ್ಕ ಯಜಮಾನರ ತಂಡದ ಪಂದ್ಯ ಬೇರೆ. ಆಗಲಿ ಎಂದೆ. ಹಾಗೆಂದ ಮೇಲೆ ಅರ್ಧಮರ್ಧ ಮಾಡುವ ಜಾಯಮಾನ ನನ್ನದಲ್ಲ. ಬೀದಿನಾಯಿಗಳು ನುಸುಳುವ ಕಂಡಿಗಳಿಗೆ ಮುಳ್ಳು ಹೊಡೆಸಿದೆ. ಗೇಟಿಗೆ ಸರಪಳಿ ಹಾಕಿಸಿದೆ. ಕಾವಲುಗಾರನನ್ನು ಕರೆದು, ಇಂದು ರಾತ್ರಿ ಮೈದಾನದಲ್ಲಿ ವೈಜ್ಞಾನಿಕ ಪ್ರಯೋಗವಿದೆ, ಒಳಗೆ ಕಾಲಿಟ್ಟರೆ ಪ್ರಯೋಗ ಕೆಡುತ್ತದೆ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಾಲಿಯವರು ಬಂದು ಕೇಳಿದರೆ ಏನು ಹೇಳಲಿ ಸಾರ್ ಎಂದು ವಿನಯದಿಂದ ವಿಚಾರಿಸಿದ. ಗಿರಣಿಯಲ್ಲಿ ಗುಟ್ಟು ಎನ್ನುವುದು ಎರಡು ಪಾಳಿಗಿಂತ ಹೆಚ್ಚು ಬಾಳುವುದಿಲ್ಲ.

ಆ ಸಂಜೆ ಬಿಸಿಲು ಹಣ್ಣಾಗುವ ಹೊತ್ತಿಗೆ ನಾನು ಮೆಟ್ಟಿಲ ಮೇಲೆ ನಿಂತು ಯಂತ್ರ ಹೊರಡಿಸಿದೆ. ಸೋಮನೂರಿನ ದಿಕ್ಕಿನಿಂದ ವಿದ್ಯುತ್ ಮಗ್ಗದ ಶೆಡ್ಡುಗಳ ಟಕಟಕ ಎಂದಿನಂತೆ ಕೇಳುತ್ತಿತ್ತು. ಅಲ್ಲಿ ಬಾಳುವವರಿಗೆ ಅದು ಸದ್ದೇ ಅಲ್ಲ. ಗಾಳಿಯ ಹಾಗೆ ಇರುತ್ತದೆ. ಕೈಯಲ್ಲಿ ಎರಡು ಕಡ್ಡಿ, ತಲೆಯಲ್ಲಿ ಒಂದು ಪ್ರಶ್ನೆ. ಬೇವಿನ ಮರದ ಬಳಿ ಯಂತ್ರ ವಾಲುತ್ತದೆಂದು ನನಗೆ ಗೊತ್ತು. ಪ್ರತಿ ಸಲ ನಾನೇ ಬಲಕ್ಕೆ ಒತ್ತಿ ತಿದ್ದುತ್ತೇನೆ. ಇಂದು ತಿದ್ದಬೇಕೆ, ಬೇಡವೆ? ಬೇಕೆಂದೇ ಎಡಕ್ಕೆ ತಿರುಗಿಸುವುದು ಮೋಸ. ಆ ಹೆಂಗಸಿನ ಮುಂದೆ ಅದು ನನ್ನಿಂದಾಗದು. ಆದರೆ ಬಲಕ್ಕೆ ತಿದ್ದುವುದೂ ಒಂದು ಬಗೆಯಲ್ಲಿ ಮೋಸವೇ ಅಲ್ಲವೆ? ನೆಲವೋ ಚಕ್ರವೋ ಮಾಲಿಯೋ ಏನೋ ಹೇಳುತ್ತಿರುವಾಗ ಬಾಯಿ ಮುಚ್ಚಿಸಿದಂತೆ.

ಮೂಡಣ ಅಂಚಿನಿಂದ ಸಾಲು ಹಾಸುತ್ತ ಬಂದ ಯಂತ್ರ ಬೇವಿನ ಮರಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ ಕರೆಂಟು ಹೋಯಿತು. ಆ ವರ್ಷಗಳಲ್ಲಿ ಅದು ದಿನವೂ ಹೋಗುತ್ತಿತ್ತು, ಹೇಳಿ ಕೇಳಿ ಹೋಗುತ್ತಿತ್ತು, ಹೊಸದೇನಲ್ಲ. ಆದರೆ ಅಷ್ಟೂ ಮಗ್ಗಗಳು ಒಮ್ಮೆಗೇ ನಿಂತಾಗ, ಅದುವರೆಗೆ ಕೇಳದೆ ಇದ್ದ ಸದ್ದು ನಿಂತದ್ದು ಕೇಳಿಸಿತು. ಇಡೀ ಸೀಮೆ ಉಸಿರು ಹಿಡಿದ ಹಾಗೆ. ಪೆಟ್ರೋಲಿನ ಮೇಲೆ ನಡೆಯುವ ಯಂತ್ರಕ್ಕೆ ಕರೆಂಟಿನ ಹಂಗಿಲ್ಲ. ಅದೊಂದೇ ಆ ಮೌನದಲ್ಲಿ ಮುಂದಕ್ಕೆ ಹೋಗುತ್ತಿತ್ತು. ಬ್ರಷ್ಷಿನಿಂದ ಮರಳು ಉದುರುವ ಸದ್ದು ಅಷ್ಟು ದೂರದಿಂದ ನನಗೆ ಕೇಳಿಸಿತು, ಯಾರೋ ಒಣಗಿದ ಎಲೆಗಳ ಮೇಲೆ ಮೆಲ್ಲಗೆ ನಡೆದಂತೆ. ನನ್ನ ಹೆಬ್ಬೆರಳುಗಳು ಕಡ್ಡಿಯ ಮೇಲಿದ್ದವು. ಅಲ್ಲಾಡಿಸಲಿಲ್ಲ. ಆ ದಿನ ನಾನು ಮಾಡಿದ್ದು ಅದೊಂದೇ: ತಿದ್ದಲಿಲ್ಲ.

ಯಂತ್ರ ಎಡಕ್ಕೆ ತಿರುಗಿತು. ವಾಲಿತು ಎಂದು ಬರೆಯಬೇಕು. ಇಷ್ಟು ದಿನ ವಾಲುತ್ತಿತ್ತು. ಆದರೆ ನಾನು ಕಂಡದ್ದನ್ನು ಬರೆಯುತ್ತಿದ್ದೇನೆ. ಸಾಲು ಬಿಟ್ಟು, ಸರಾಗವಾಗಿ, ಬೊಡ್ಡೆಯ ಹತ್ತಿರದ ತನಕ ಹೋಯಿತು. ಮರಕ್ಕೆ ಗುದ್ದೀತೆಂದು ಕೆಂಪು ಗುಂಡಿ ಒತ್ತಿ ನಿಲ್ಲಿಸಿದೆ. ಪೆಟ್ಟಿಗೆ ಬಿಚ್ಚಿಟ್ಟು, ಹಗ್ಗದ ಹೊರಗಿನಿಂದಲೇ ಸುತ್ತಿ ಮನೆಗೆ ಹೋದೆ. ಉಳಿದ ಸಾಲುಗಳನ್ನು ಹಾಸಲಿಲ್ಲ. ತೊಟ್ಟಿಯಲ್ಲಿ ಮರಳಿತ್ತು, ಹಾಸುವವನಲ್ಲಿ ಏನೋ ಮುಗಿದಿತ್ತು.

ಬೆಳಿಗ್ಗೆ ಮಂಜಿನಲ್ಲಿ ಮೂವರು ಸೇರಿದೆವು: ಆಕೆ, ಆಕೆಯ ಅಣ್ಣ, ನಾನು. ಆಕೆಯ ಕೈಯಲ್ಲಿ ಉಜ್ಜಿ ತೊಳೆದ ಹಿತ್ತಾಳೆಯ ಚೊಂಬು. ಅಣ್ಣನ ಕೈಯಲ್ಲಿ ಬಟ್ಟೆಯ ಗಂಟು. ಕಂಡರೂ ಸರಿ, ಕಾಣದಿದ್ದರೂ ಸರಿ, ಇವತ್ತೇ ಹೊರಡುವುದೆಂದು ಅವರು ತಂಗಿಗೆ ಹೇಳಿಟ್ಟಿದ್ದರು. ಬೆಳಕು ಹರಿದಂತೆ ಮರಳು ಕಾಣತೊಡಗಿತು. ಇಬ್ಬನಿ ಕೂತು ಗಟ್ಟಿಯಾಗಿ, ಮಗ್ಗದಿಂದ ಆಗತಾನೆ ಇಳಿಸಿದ ಬಟ್ಟೆಯ ಹಾಗೆ ಬಿಗಿಯಾಗಿತ್ತು. ಅದರ ಮೇಲೆ, ಹಗ್ಗದ ಬುಡದಿಂದ ಮೈದಾನದ ನಡುವಿಗೆ, ಹೆಜ್ಜೆಗಳ ಒಂದು ಸಾಲು.

ಬಗ್ಗಿ ನೋಡಿದೆ. ಮುಂದಕ್ಕೆ ಮೂರು ಬೆರಳು, ಹಿಂದಕ್ಕೆ ಒಂದು ಗೀರು. ನನ್ನ ಆಜ್ಞೆಯನ್ನು ನಾಯಿಗಳು ಪಾಲಿಸಿದ್ದವು, ಕಾವಲುಗಾರ ಪಾಲಿಸಿದ್ದ. ನವಿಲುಗಳಿಗೆ ಯಾರೂ ತಿಳಿಸಿರಲಿಲ್ಲ. ಅಣ್ಣನ ಮುಖ ಅರಳಿತು. ಮಯಿಲೆಂದರೆ ಮುರುಗನ ವಾಹನ, ಇದಕ್ಕಿಂತ ದೊಡ್ಡ ಪದವಿ ಬೇಕಾ, ತುಂಬಿಕೋ ಎಂದರು. ನನಗೆ ನನ್ನ ಚಿಕ್ಕಪ್ಪ ನೆನಪಾದರು.

ಆಕೆ ಆ ಹೆಜ್ಜೆಗಳನ್ನು ಒಂದೊಂದಾಗಿ ನೋಡಿದರು. ತಲೆಯಾಡಿಸಿದರು. “ಮಯಿಲಾಗಾ ಅಷ್ಟು ಪುಣ್ಯ ಅವುರು ಮಾಡಿಲ್ಲ. ಮಯಿಲಿನ ಮ್ಯಾಲೆ ಸುಳ್ಳು ಬೇರೆ ಹೇಳವ್ರೆ.”

ಹಳದಿಯಾದ ಹುಲ್ಲಿನ ಸಂಗತಿ ಮನೆಯವರೆಗೂ ಹೋಗಿತ್ತೆಂದು ನನಗೆ ಅಂದೇ ಗೊತ್ತಾದದ್ದು.

ಆಮೇಲೆ ಅವರು ಹಗ್ಗದ ಅಂಚಿನಲ್ಲೇ ನಡೆಯುತ್ತ ಹೊರಟರು. ಹೆಜ್ಜೆ ಹುಡುಕುವವರಂತೆ ಇರಲಿಲ್ಲ. ನೇಕಾರರ ಮನೆಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ಎಳೆ ತಪ್ಪಿದೆಯೇ ಎಂದು ನೋಡುತ್ತಾರಲ್ಲ, ಹಾಗಿತ್ತು ಆ ನೋಟ. ಚಕ್ರದ ಗುರುತುಗಳು ಪಟ್ಟೆಪಟ್ಟೆಯಾಗಿ ನೆಟ್ಟಗೆ ಬಿದ್ದಿದ್ದವು. ಬೇವಿನ ಮರದ ಎದುರು ಬಂದು ನಿಂತರು. ಅಲ್ಲಿ ಒಂದು ಪಟ್ಟೆ ಮಾತ್ರ ಸಾಲು ಬಿಟ್ಟು, ಎಡಕ್ಕೆ ತಿರುಗಿ, ಬೊಡ್ಡೆಯ ಕಡೆಗೆ ಹೋಗಿತ್ತು. ಅದರ ತುದಿಯಲ್ಲಿ ಯಂತ್ರ, ಮೈಮೇಲೆಲ್ಲ ಇಬ್ಬನಿ.

ಮಗ್ಗಗಳು ಆಗಲೇ ಶುರುವಾಗಿದ್ದವು.

“ಅಣ್ಣಾ, ಪೆಟ್ಟಿಗೆ ನಿಮ್ ಕೈಲಿತ್ತು. ಇಲ್ಲಿ ನೀವು ತಿರುಗಿಸಿದ್ರಾ?”

“ಇಲ್ಲಮ್ಮ.”

“ನಿಮ್ಮಮ್ಮನಾಣೆ?”

“ನಮ್ಮವ್ವನಾಣೆ. ನಾನು ತಿರುಗಿಸಲಿಲ್ಲ.”

ಇಳಿಜಾರನ್ನು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಚಕ್ರದ ಗಾಳಿಯನ್ನೂ ಹೇಳುತ್ತಿದ್ದೆ. ಅಂದು ನನ್ನಲ್ಲಿದ್ದ ವಿವರಣೆಗಳೆಲ್ಲ ಕರೆಯುವವರಿಲ್ಲದ ಸಾಕ್ಷಿಗಳಂತೆ ಹಿಂದೆ ಕೈಕಟ್ಟಿ ನಿಂತಿದ್ದವು.

ಆಕೆ ಹಗ್ಗ ದಾಟಿ, ಆ ತಿರುವಿನ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಚಕ್ರದ ಗುರುತನ್ನು ಅಂಗೈಯಿಂದ ಮೆಲ್ಲಗೆ ಮುಟ್ಟಿದರು. ಕಾಲಿಟ್ಟು ಬರಲಿಲ್ಲ ಎಂಬುದಕ್ಕೆ ಅವರಿಗೆ ಈಗ ಕಾರಣ ಸಿಕ್ಕಿತ್ತು. ಗಂಡ ಕೊನೆಯ ದಿನಗಳಲ್ಲಿ ನಡೆಯುತ್ತಿದ್ದುದು ಗಾಡಿಯ ಜೊತೆಗೆ. ಬಂದದ್ದೂ ಗಾಡಿಯ ಜೊತೆಗೇ. ಒಂದು ಹಿಡಿ ಮರಳನ್ನು ಚೊಂಬಿಗೆ ಹಾಕಿ, ಬಾಯಿಗೆ ಅರಿಶಿನದ ಬಟ್ಟೆ ಕಟ್ಟಿದರು. ಗಂಡನ ಹೆಸರು ಹೇಳಿ ಕರೆಯುವ ರೂಢಿ ಆ ಹೆಂಗಸರಿಗಿಲ್ಲ. ಚೊಂಬಿನ ಕಡೆಗೂ ನೋಡದೆ, ಮರದ ಕಡೆಗೂ ನೋಡದೆ, ನಡುವೆ ಎಲ್ಲೋ ಗಾಳಿಗೆ ಹೇಳಿದರು:

“ವೇಲೆ ಸಾಕು, ಏಳಿ. ಬಸ್ಸಿಗೆ ಹೊತ್ತಾಯ್ತು.”

ಸ್ವಲ್ಪ ಕಾದರು. ಎಷ್ಟು ಹೊತ್ತೆಂದು ನಾನು ಹೇಳಬೇಕಿಲ್ಲ. ಆಮೇಲೆ ಎದ್ದರು.

ಗೇಟಿನ ತನಕ ಹೋಗಿ ಬೀಳ್ಕೊಟ್ಟೆ. ಪಲ್ಲಡದ ಮೇಲೆ ಹೋಗುವ ಬಸ್ಸು ಸಿಕ್ಕಿತೆಂದೂ, ತಂಗಿ ದಾರಿಯುದ್ದಕ್ಕೂ ಚೊಂಬನ್ನು ಕಿಟಕಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದಳೆಂದೂ, ಎಲ್ಲರಿಗೂ ಕಿಟಕಿ ಬೇಕಾದ ಆ ಬಸ್ಸಿನಲ್ಲಿ ಯಾರೊಬ್ಬರೂ ಸರಿಯಮ್ಮ ಎನ್ನಲಿಲ್ಲವೆಂದೂ ಅಣ್ಣ ಆಮೇಲೆ ಫೋನಿನಲ್ಲಿ ಹೇಳಿದರು. ಈಗ ಚೊಂಬು ತೋಪಿನ ಮನೆಯ ದೇವರ ಗೂಡಿನಲ್ಲಿದೆಯಂತೆ. ತಂಗಿ ಸರಿಯಾಗಿ ಊಟ ಮಾಡುತ್ತಿದ್ದಾಳಂತೆ.

ಆ ಭಾನುವಾರದ ಪಂದ್ಯದಲ್ಲಿ ಹಪ್ಪಳವಾದ ಮರಳಿನ ಮೇಲೆ ಚಿಕ್ಕ ಯಜಮಾನರು ಜಾರಿ ಮಂಡಿ ತರಚಿಕೊಂಡರು. ಮರಳು ಹೊದಿಸುವಲ್ಲಿ ನನಗಿನ್ನೂ ಅನುಭವ ಸಾಲದೆಂದು ತೀರ್ಪಾಯಿತು. ಮೇಲ್ಮನವಿ ಸಲ್ಲಿಸಲಿಲ್ಲ.

ಮುಂದಿನ ಸಲ ಮರಳು ಹಾಸಿದ್ದು ತೈ ಮಾಸ ಕಳೆದ ಮೇಲೆ. ಅದೇ ಮೆಟ್ಟಿಲು, ಅದೇ ಪೆಟ್ಟಿಗೆ. ಚಹಾದ ಹೊತ್ತಿಗೆ ಗೋಡೆಯ ಮೇಲೆ ಅವೇ ಮೊಳಕೈಗಳು. ಬೇವಿನ ಮರ ಹತ್ತಿರವಾದಂತೆ ನಾನು ಹೆಬ್ಬೆರಳನ್ನು ಬಲಕ್ಕೆ ಒತ್ತಲು ಸಿದ್ಧನಾದೆ. ಯಂತ್ರ ಮರದ ಎದುರು ಬಂತು. ಮರ ದಾಟಿತು. ನೆಟ್ಟಗೆ ಹೋಯಿತು.

ನಡುವೆ ಚಕ್ರಗಳಿಗೆ ಗಾಳಿ ತುಂಬಿಸಿದ್ದೆನೋ ಇಲ್ಲವೋ ಸರಿಯಾಗಿ ನೆನಪಿಲ್ಲ. ತುಂಬಿಸಿರಬೇಕು. ಇಳಿಜಾರು ಮಾತ್ರ ಅಲ್ಲೇ ಇತ್ತು. ನೀರು ಬಿಟ್ಟಾಗ ಈಗಲೂ ಆ ಕಡೆಗೇ ಹರಿಯುತ್ತಿತ್ತು. ಗೋಡೆಯ ಮೇಲ್ಗಡೆಯವರು ಇನ್ನೊಂದು ಸಾಲು ನೋಡಿದರು, ಮತ್ತೊಂದು ನೋಡಿದರು. ಹೋಗಿಬಿಟ್ಟರು ಎಂದು ಯಾರೋ ಅಂದರು. ಚಹಾದ ಲೋಟಗಳೊಂದಿಗೆ ಎಲ್ಲರೂ ಒಳಗೆ ಹೋದರು.

ಮೈದಾನದಲ್ಲಿ ನಾನು, ಯಂತ್ರ. ಅದು ತಲೆ ತಗ್ಗಿಸಿ, ಹಿಂದೆ ಯಾರೂ ಇಲ್ಲದೆ, ಹೇಳಿದ ಕಡೆಗೆ ಹೋಗುತ್ತಿತ್ತು, ಹೇಳಿದಲ್ಲಿ ತಿರುಗುತ್ತಿತ್ತು. ಇಷ್ಟು ದಿನ ಅದು ಎಡಕ್ಕೆ ವಾಲಿದಾಗಲೆಲ್ಲ ಬೆನ್ನಲ್ಲಿ ಸಣ್ಣಗೆ ಚಳಿ ಹುಟ್ಟುತ್ತಿತ್ತು. ಈಗ ಅದು ವಾಲದೆ ಹೋದಾಗ ಹುಟ್ಟಿದ ಚಳಿ ಹೋಗಲೇ ಇಲ್ಲ.

ಕೊನೆಯ ಸಾಲಿನಲ್ಲಿ, ಬೇವಿನ ಮರದ ಎದುರು ಬಂದಾಗ, ನಾನು ಕಡ್ಡಿಯನ್ನು ಎಡಕ್ಕೆ ಒತ್ತಿದೆ. ಯಂತ್ರ ನೆರಳಿಗೆ ಹೋಯಿತು. ಅದನ್ನು ನಿಲ್ಲಿಸಿ, ಮೆಟ್ಟಿಲಿಳಿದು, ಚಪ್ಪಲಿ ಬಿಟ್ಟು, ಹಗ್ಗದ ಹೊರಗಿನಿಂದ ನಡೆದು ಹೋಗಿ ಬೊಡ್ಡೆಗೆ ಬೆನ್ನು ಕೊಟ್ಟು ಕೂತೆ. ನನಗೆ ಎಲೆಯಡಿಕೆಯ ಅಭ್ಯಾಸವಿಲ್ಲ. ಅಷ್ಟು ಹೊತ್ತು ಸುಮ್ಮನೆ ಕೂತು ಎದ್ದೆ. ಆ ಗಿರಣಿ ಬಿಡುವ ತನಕ, ಮರಳು ಹಾಸಿದಾಗಲೆಲ್ಲ ಒಂದು ಸಾಲು ಹೀಗೆಯೇ ಎಡಕ್ಕೆ ತಿರುಗುತ್ತಿತ್ತು. ಯಾರಾದರೂ ಕೇಳಿದರೆ ಅಲ್ಲಿ ಇಳಿಜಾರಿದೆ ಎನ್ನುತ್ತಿದ್ದೆ.